ಫ್ರೀ ಫೋನ್ ಬಿಟ್ಟು ಪೂರ್ತಿ ದುಡ್ಡು ಕೊಟ್ಟೆ: ಮೂರು ವರ್ಷದ ಲೆಕ್ಕ

"ಮೊಬೈಲ್ ಕಂಪನಿಯವರು ಫೋನ್ ಫ್ರೀ ಆಗಿ ಕೊಡ್ತೀವಿ ಅಂತಿದ್ದಾರೆ, ನೀವು ಯಾಕ್ರೀ ಸುಮ್ನೆ ದುಡ್ಡು ಸುರೀತೀರಾ?" ಅಂತ ನನ್ನ ಭಾವ 2022ರಲ್ಲಿ ಕೇಳಿದ್ದರು. ಆಫೀಸಿನ ಗೆಳೆಯರೂ ಅದನ್ನೇ ಹೇಳಿದ್ದರು. ಈ ನವೆಂಬರಿಗೆ ಮೂರು ವರ್ಷ ತುಂಬಿತು. ನನ್ನ ಫೋನು, ಹೆಂಡತಿಯ ಫೋನು ಎರಡೂ ಸೇರಿ 3,000 ಡಾಲರಿಗೂ ಜಾಸ್ತಿ ಉಳಿದಿದೆ. ಕಳೆದ ವಾರ ಭಾವನೇ ಫೋನ್ ಮಾಡಿ, ಹೇಗೆ ಮಾಡಿದಿರಿ ಅಂತ ಕೇಳಿದರು. ಅವರಿಗೆ ಹೇಳಿದ್ದನ್ನೇ ಅಮೆರಿಕದಲ್ಲಿರುವ ಎಲ್ಲರಿಗೂ ಅಂತ ಬರೆಯುತ್ತಿದ್ದೇನೆ. ನೇರ ವಿಷಯಕ್ಕೆ ಬರ್ತೀನಿ.

ಮೊದಲು ಕೈ ಸುಟ್ಟುಕೊಂಡ ಕಥೆ. 2011ರಲ್ಲಿ ಬಂದ ಹೊಸತರಲ್ಲಿ 199 ಡಾಲರ್ ಕೊಟ್ಟು ಎರಡು ವರ್ಷದ ಕಾಂಟ್ರಾಕ್ಟಿನ ಫೋನ್ ತಗೊಂಡೆ. ಅದೇ ಫೋನಿಗೆ ಕಾಂಟ್ರಾಕ್ಟ್ ಇಲ್ಲದಿದ್ದರೆ 649. ಯಾರಾದರೂ 199 ಅನ್ನೋದನ್ನೇ ಆರಿಸ್ತಾರೆ ಅಲ್ವಾ? ಹನ್ನೊಂದನೇ ತಿಂಗಳಲ್ಲಿ ಕೆಲಸ ಬದಲಾಗಿ ಬೇರೆ ಊರಿಗೆ ಹೋದೆ. ಅಲ್ಲಿ ಆ ಕಂಪನಿಯ ಸಿಗ್ನಲ್ಲೇ ಸರಿ ಇರಲಿಲ್ಲ. ಬಿಡ್ತೀನಿ ಅಂದರೆ ದಂಡ ಕಟ್ಟಿ ಅಂದರು. 350 ಡಾಲರ್, ಕಳೆದ ಪ್ರತಿ ತಿಂಗಳಿಗೆ 10 ಡಾಲರ್ ಕಡಿತ. ಸುಮಾರು 240 ಕಟ್ಟಿದೆ. ಅದಕ್ಕಿಂತ ಜಾಸ್ತಿ ಬೇಜಾರಾಗಿದ್ದು ಇನ್ನೊಂದು ವಿಷಯಕ್ಕೆ. ನನ್ನ ಗೆಳೆಯ ಎರಡು ವರ್ಷ ಪೂರ್ತಿ ಮುಗಿಸಿದ. ಬಿಲ್ಲಿನಲ್ಲೇ ಸೇರಿಸಿದ್ದ ಫೋನಿನ ಬಾಕಿ ತೀರಿದ ಮೇಲೂ ಅವನ ತಿಂಗಳ ಬಿಲ್ ಒಂದು ಪೈಸೆ ಇಳಿಯಲಿಲ್ಲ.

ಆ ಬಗೆಯ ಕಾಂಟ್ರಾಕ್ಟ್ ಈಗ ಇಲ್ಲ. 2013ರಲ್ಲಿ ಟಿ-ಮೊಬೈಲ್ ಕಂಪನಿ ಬಿಟ್ಟಿತು, 2016ರ ಹೊತ್ತಿಗೆ ಉಳಿದ ದೊಡ್ಡವರೂ ಬಿಟ್ಟರು. ಆದರೆ ನಮ್ಮನ್ನು ಕಟ್ಟಿಹಾಕುವ ಹಗ್ಗ ಮಾತ್ರ ಉದ್ದವಾಯಿತು. ಈಗ 800 ಡಾಲರಿನ ಫೋನನ್ನು 36 ಕಂತು ಮಾಡ್ತಾರೆ. ತಿಂಗಳಿಗೆ 22 ಡಾಲರ್ ಚಿಲ್ಲರೆ ಬಿಲ್ಲಿಗೆ ಹಾಕಿ, ಅಷ್ಟನ್ನೇ ಕ್ರೆಡಿಟ್ ಅಂತ ಕಳೀತಾರೆ. ಹದಿನೈದನೇ ತಿಂಗಳು ಬಿಟ್ಟರೆ ಕ್ರೆಡಿಟ್ ನಿಲ್ಲುತ್ತದೆ, ಉಳಿದ ಕಂತು ಒಟ್ಟಿಗೆ ನಿಮ್ಮ ತಲೆ ಮೇಲೆ. ಆ ಕ್ರೆಡಿಟ್ ಪೂರ್ತಿ ಸಿಗಬೇಕು ಅಂದರೆ ಹೆಚ್ಚಾಗಿ ದುಬಾರಿ ಪ್ಲಾನಿನಲ್ಲೇ ಇರಬೇಕು. ಜನ ಫೋನಿನ ಬೆಲೆ ನೋಡ್ತಾರೆ. ದುಡ್ಡು ಹೋಗೋದು ಪ್ಲಾನಿನಲ್ಲಿ.

ಕಾಂಟ್ರಾಕ್ಟ್ ಬೇಡ ಅಂತ ಹೊರಟ ಮೇಲೂ ನಾನು ಎರಡು ಸಲ ಎಡವಿದೆ.

ಒಂದು, ಸೆಕೆಂಡ್ ಹ್ಯಾಂಡ್. 380 ಡಾಲರಿಗೆ ಒಬ್ಬರಿಂದ ಪಾರ್ಕಿಂಗ್ ಲಾಟಿನಲ್ಲಿ ನಿಂತು ಕೊಂಡೆ. ಐಎಂಇಐ ನಂಬರ್ (ಪ್ರತಿ ಫೋನಿಗೂ ಇರುವ ಗುರುತಿನ ನಂಬರ್) ಹಾಕಿ ನೋಡಿದ್ದೆ, ಕ್ಲೀನ್, ಅಂದರೆ ತಕರಾರಿಲ್ಲ ಅಂತಲೇ ಬಂದಿತ್ತು. ಏಳೋ ಎಂಟೋ ವಾರ ಆಗಿರಬೇಕು, ಬೆಳಿಗ್ಗೆ ಎದ್ದು ನೋಡಿದರೆ ನೋ ಸರ್ವೀಸ್. ಮಾರಿದವನು ಕಂತು ಕಟ್ಟೋದು ನಿಲ್ಲಿಸಿದ್ದ, ಫೋನ್ ಬ್ಲ್ಯಾಕ್‌ಲಿಸ್ಟ್ ಆಗಿತ್ತು. ಪೂರ್ತಿ ದುಡ್ಡು ಹೋಯಿತು. ಕೊಳ್ಳುವ ದಿನ ಕ್ಲೀನ್ ಇದ್ದರೆ ಸಾಲದು. ಈಗ ನಾನು ಬೇರೆ ಕಂಪನಿಯ ಸಿಮ್ ಜೇಬಿನಲ್ಲಿಟ್ಟುಕೊಂಡು ಹೋಗ್ತೀನಿ. ಅದನ್ನು ಹಾಕಿ ನೋಡಿ, ಲಾಕ್ ಇದ್ದರೆ, ಅಂದರೆ ಒಂದೇ ಕಂಪನಿಯ ಸಿಮ್ ಮಾತ್ರ ಓಡುವಂತಿದ್ದರೆ, ಕಂತು ಬಾಕಿ ಇದೆ ಅಂತಲೇ ತಿಳ್ಕೋತೀನಿ. ಇನ್ನೂ ಒಂದು ವಿಷಯ ನೋಡ್ತೀನಿ. ಅದನ್ನು ಬರೆದರೆ ಮೋಸ ಮಾಡುವವರೂ ಓದ್ತಾರೆ, ಆದ್ದರಿಂದ ಬೇಡ.

ಎರಡು, ಊರಿನಿಂದ ತಂದ ಫೋನ್. 2020ರ ಜನವರಿಯಲ್ಲಿ ಬೆಂಗಳೂರಿಂದ ವಾಪಸ್ ಬರುವಾಗ 19 ಸಾವಿರ ರೂಪಾಯಿ ಆಸುಪಾಸಿನ ಒಂದು ಫೋನ್ ತಂದೆ. ಇಲ್ಲಿ ಅದೇ ಬಗೆಯದಕ್ಕೆ 450 ಡಾಲರ್ ಇತ್ತು, ಗೆದ್ದೆ ಅಂದುಕೊಂಡೆ. ಅದರಲ್ಲಿ ಬ್ಯಾಂಡ್ 12 ಮತ್ತು 71, ಅಂದರೆ ಇಲ್ಲಿ ಕಟ್ಟಡದ ಒಳಗೂ ಚೆನ್ನಾಗಿ ತಲುಪುವ ಸಿಗ್ನಲ್ಲಿನ ತರಂಗಗಳು, ಇರಲಿಲ್ಲ. ಮನೆಯ ಬೇಸ್‌ಮೆಂಟಿಗೆ ಇಳಿದರೆ ಸಿಗ್ನಲ್ ಮಾಯ. ಹೇಗೋ ಎರಡು ವರ್ಷ ತಳ್ಳಿದೆ. 2022ರಲ್ಲಿ ಇಲ್ಲಿ 3ಜಿ ನಿಲ್ಲಿಸಿದಾಗ ಕಾಲ್ ಬರೋದೇ ನಿಂತುಹೋಯಿತು. ಇಂಟರ್ನೆಟ್ ಓಡುತ್ತದೆ, ಮಾತಾಡಲು ಆಗಲ್ಲ. ಇಲ್ಲಿನ ನೆಟ್‌ವರ್ಕಿನಲ್ಲಿ ಆ ಮಾಡೆಲಿಗೆ ವೋಲ್ಟೆ (4ಜಿಯಲ್ಲೇ ಕಾಲ್ ಮಾಡುವ ವ್ಯವಸ್ಥೆ) ಕೊಟ್ಟಿರಲಿಲ್ಲ. ಆವತ್ತಿನಿಂದ ಅಮೆರಿಕದ ಮಾಡೆಲ್ ನಂಬರ್ ಇಲ್ಲದ ಫೋನ್ ಮುಟ್ಟಿಲ್ಲ.

ಕೊನೆಗೆ ಫಲ ಕೊಟ್ಟ ದಾರಿ ಇದು. ಸೆಪ್ಟೆಂಬರಿನಲ್ಲಿ ಹೊಸ ಐಫೋನ್ ಬಂದ ಕೂಡಲೇ ಸಾಮಾನ್ಯವಾಗಿ ಹಿಂದಿನದರ ಬೆಲೆ 100 ಡಾಲರ್ ಇಳೀತದೆ. ಐಫೋನ್ 13 ಹಾಗೆ 2022ರಲ್ಲಿ 799ರಿಂದ 699ಕ್ಕೆ ಬಂತು. ನಾನು ನವೆಂಬರ್ ತನಕ ಕಾದೆ, 620ರ ಹತ್ತಿರ ಅನ್‌ಲಾಕ್ ಆದದ್ದೇ ಸಿಕ್ಕಿತು. ಹೆಂಡತಿಗೆ ಗೂಗಲ್ಲಿನ ಪಿಕ್ಸೆಲ್ 7. ಅದು 599ಕ್ಕೆ ಬಂದಿತ್ತು, ನವೆಂಬರ್ ಕೊನೆಯ ಬ್ಲ್ಯಾಕ್ ಫ್ರೈಡೇ ಸೇಲ್ ಹೊತ್ತಿಗೆ 499. ತೆರಿಗೆ ಸೇರಿ ಎರಡಕ್ಕೂ 1,210 ಆಯಿತು ಅಂತ ನೆನಪು. ಯಾವ ವಾರ ಎಲ್ಲಿ ಕೊಳ್ಳಬೇಕು ಅನ್ನೋದಕ್ಕೆ ನನ್ನದೇ ಒಂದು ಲೆಕ್ಕ ಇದೆ, ಅದು ನನ್ನ ಹತ್ತಿರವೇ ಇರಲಿ.

ಆಮೇಲೆ ಪ್ಲಾನ್. ದೊಡ್ಡ ಕಂಪನಿಗಳ ಟವರನ್ನೇ ಬಾಡಿಗೆಗೆ ಪಡೆದು ನಡೆಸುವ ಚಿಕ್ಕ ಕಂಪನಿಗಳಿವೆಯಲ್ಲ, ಅಂಥ ಒಂದರಲ್ಲಿ ವರ್ಷದ ದುಡ್ಡು ಒಟ್ಟಿಗೆ ಕಟ್ಟಿದೆ. ಲೈನಿಗೆ, ಅಂದರೆ ಒಂದು ನಂಬರಿಗೆ, ತಿಂಗಳಿಗೆ 25 ಡಾಲರ್ ಬೀಳುತ್ತದೆ. ಮೂರು ವರ್ಷಕ್ಕೆ ಎರಡು ಲೈನಿಗೆ ತೆರಿಗೆ ಸೇರಿ 1,950. ಅಲ್ಲಿಗೆ ಒಟ್ಟು 3,160.

ಫ್ರೀ ಫೋನಿನ ದಾರಿ ಹಿಡಿದಿದ್ದರೆ? ಎರಡು ಲೈನಿಗೆ ತಿಂಗಳಿಗೆ 170, ಮೂವತ್ತಾರು ತಿಂಗಳಿಗೆ 6,120. ಆಕ್ಟಿವೇಷನ್ ಅಂತ ತಲಾ 35. ಫೋನ್ ಫ್ರೀ ಆದರೂ ನಮ್ಮ ರಾಜ್ಯದಲ್ಲಿ ಪೂರ್ತಿ ಬೆಲೆಯ ಮೇಲೆ ಸೇಲ್ಸ್ ಟ್ಯಾಕ್ಸ್ ಮೊದಲೇ ಕಟ್ಟಬೇಕು, ಅದು 130ರ ಹತ್ತಿರ. 6,300 ದಾಟುತ್ತದೆ. ಜೊತೆಗೆ ಹಳೆ ಫೋನನ್ನೂ ಅವರಿಗೇ ಕೊಡಬೇಕು. ನಾನು ನಮ್ಮ ಎರಡು ಹಳೇ ಫೋನ್ ಮಾರಿಕೊಂಡೆ, 400 ಬಂತು.

ಮೊದಲೇ ವರ್ಷದ ಪ್ಲಾನ್ ಕಟ್ಟಬೇಡಿ. ನಾನು ಹಾಗೆ ಮಾಡಲಿಲ್ಲ. ಒಂದು ತಿಂಗಳಿನದು ತಗೊಂಡು ಆಫೀಸಿನ ದಾರಿ, ಮಗಳ ಸ್ಕೂಲು, ಬೇಸ್‌ಮೆಂಟ್ ಎಲ್ಲ ಕಡೆ ಸಿಗ್ನಲ್ ನೋಡಿದೆ, ಆಮೇಲೆ ವರ್ಷದ್ದು ಕಟ್ಟಿದೆ. ಒಂದು ಕೊರತೆ ಇದೆ, ಮುಚ್ಚಿಡಲ್ಲ. ಜನ ಜಾಸ್ತಿ ಸೇರಿದ ಕಡೆ ಟವರ್ ಮೊದಲು ದೊಡ್ಡ ಕಂಪನಿಯ ಸ್ವಂತ ಗಿರಾಕಿಗಳನ್ನು ನೋಡಿಕೊಳ್ಳುತ್ತದೆ. ಕನ್ನಡ ಕೂಟದ ರಾಜ್ಯೋತ್ಸವದಲ್ಲಿ ಮಗಳ ಡ್ಯಾನ್ಸ್ ವಿಡಿಯೋ ಊರಿಗೆ ಕಳಿಸಲು ಹೋದರೆ ಸುತ್ತುತ್ತಲೇ ಇತ್ತು. ಪಕ್ಕದವರದು ಹೋಯಿತು. ವರ್ಷಕ್ಕೆ ಮೂರು ನಾಲ್ಕು ಸಲ ಹೀಗಾಗುತ್ತದೆ. ವರ್ಷಕ್ಕೆ ಸಾವಿರ ಡಾಲರ್ ಉಳಿಯುವಾಗ ನನಗೆ ಅದು ಪರವಾಗಿಲ್ಲ.

ಹುಡುಕದೇ ಸಿಕ್ಕ ಲಾಭವೊಂದಿದೆ. ಕಂಪನಿಯ ಲಾಕ್ ಇರುವ ಫೋನಿನಲ್ಲಿ ಊರಿನ ಸಿಮ್ ಓಡಲ್ಲ. ನನ್ನದರಲ್ಲಿ ಇಲ್ಲಿನ ಲೈನ್ ಇಸಿಮ್ (ಕಾರ್ಡ್ ಇಲ್ಲದೆ ಫೋನಿನೊಳಗೇ ಇರುವ ಸಿಮ್), ಟ್ರೇಯಲ್ಲಿ ಊರಿನ ಸಿಮ್. ಬ್ಯಾಂಕಿನ ಓಟಿಪಿ ಇಲ್ಲೇ ಬರುತ್ತದೆ. ಮೊದಲು ಅಪ್ಪನಿಗೆ ರಾತ್ರಿ ಫೋನ್ ಮಾಡಿ ಎಬ್ಬಿಸಿ ನಂಬರ್ ಓದಿಸ್ತಿದ್ದೆ. ಊರಿಗೆ ಹೋದಾಗ ರೋಮಿಂಗಿಗೆ ದಿನಕ್ಕೆ 10 ಡಾಲರ್ ಕೊಡೋದೂ ತಪ್ಪಿತು. ಒಂದು ಎಚ್ಚರಿಕೆ: ಐಫೋನ್ 14ರಿಂದ ಈಚೆಗೆ ಇಲ್ಲಿನ ಮಾಡೆಲ್‌ಗಳಲ್ಲಿ ಸಿಮ್ ಟ್ರೇ ಇಲ್ಲ. ಊರಿನ ನಂಬರನ್ನು ಅಲ್ಲಿರುವಾಗಲೇ ಇಸಿಮ್ ಮಾಡಿಸಿಕೊಳ್ಳಿ. ಇಲ್ಲಿಗೆ ಬಂದ ಮೇಲೆ ಮಾಡಿಸಲು ಹೋಗಿ ಹೆಂಡತಿ ಎರಡು ವಾರ ಒದ್ದಾಡಿದಳು.

ಈ ವರ್ಷ ಫೋನ್ ಬದಲಿಸೋಣ ಅಂತಿದ್ದೆ. ಬ್ಯಾಟರಿಯ ಸಾಮರ್ಥ್ಯ 81 ಪರ್ಸೆಂಟಿಗೆ ಇಳಿದಿತ್ತು, ಅಷ್ಟೇ. 90 ಡಾಲರ್ ಕೊಟ್ಟು ಹೊಸ ಬ್ಯಾಟರಿ ಹಾಕಿಸಿದೆ, ಹೊಸದರ ಹಾಗೆ ಓಡ್ತಿದೆ. ಇನ್ನೆರಡು ವರ್ಷ ಖಂಡಿತ ಎಳೀತೀನಿ.

ಭಾವನ ಮನೆಯಲ್ಲಿ ಐದು ಲೈನ್ ಇದೆ. ಲೈನ್ ಜಾಸ್ತಿ ಆದಷ್ಟೂ ದೊಡ್ಡ ಕಂಪನಿಯಲ್ಲಿ ತಲಾ ದರ ಇಳಿಯುತ್ತದೆ, ಹಾಗಾಗಿ ಅವರಿಗೆ ನನ್ನಷ್ಟು ಉಳಿಯಲ್ಲ. ಅದನ್ನು ಅವರಿಗೆ ನೇರವಾಗಿ ಹೇಳಿದ್ದೇನೆ. ಆದರೂ ಮಾಡ್ತೀನಿ ಅಂತಿದ್ದಾರೆ. ಅವರ ಕಂತು ಇನ್ನೂ ನಾಲ್ಕು ಬಾಕಿ. ಮುಗಿದ ದಿನವೇ ಐದೂ ಫೋನಿಗೆ ಅನ್‌ಲಾಕ್ ಕೇಳಿ ಅಂದಿದ್ದೇನೆ. ಆ ಭಾನುವಾರ ನಾನೇ ಹೋಗಿ ಕೂತು ಲೆಕ್ಕ ಹಾಕಿ ಕೊಡ್ತೀನಿ.