ಹಳೇ ಆಲ್ಬಮ್‌ನ ಫೋಟೋ ಬಿಡಿಸೋಕೆ ಡೆಂಟಲ್ ಫ್ಲಾಸ್
ಅಂಟು ಹಾಳೆಯ ಹಳೇ ಆಲ್ಬಮ್‌ನಲ್ಲಿ ಕಚ್ಚಿಕೊಂಡ ಫೋಟೋವನ್ನು ಉಗುರು ಹಾಕಿ ಕೀಳಬೇಡಿ, ಹಲ್ಲಿನ ಸಂದಿಗೆ ಬಳಸುವ ಡೆಂಟಲ್ ಫ್ಲಾಸ್ ತಗೊಳ್ಳಿ. ಮೇಣ, ಪುದೀನಾ ವಾಸನೆ ಇಲ್ಲದ್ದೇ ಇರಲಿ. ಮೇಲಿನ ಪ್ಲಾಸ್ಟಿಕ್ ಸರಿಸಿ, ದಾರವನ್ನು ಒಂದು ಮೂಲೆಯ ಕೆಳಗೆ ತೂರಿಸಿ, ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಗರಗಸದ ಹಾಗೆ ಆಚೀಚೆ ಎಳೆಯುತ್ತಾ ನಿಧಾನಕ್ಕೆ ಸಾಗಿ. ದಾರ ಅಂಟನ್ನಷ್ಟೇ ಕೊಯ್ಯುತ್ತದೆ, ಫೋಟೋ ಬಾಗುವುದಿಲ್ಲ. ಬಾಗಿದರೇ ಮೇಲಿನ ಪದರ ಬಿರುಕು ಬಿಡೋದು. ಫೋಟೋದ ಹಿಂಬದಿಯಲ್ಲಿ ಯಾರೋ ಪೆನ್ಸಿಲ್‌ನಲ್ಲಿ ಬರೆದಿಟ್ಟ ಹೆಸರು, ತಾರೀಖು ಇದ್ದರೆ ಅದೂ ಬಹುಮಟ್ಟಿಗೆ ಉಳಿಯುತ್ತದೆ (ಸೆಕೆಂಡ್‌ಹ್ಯಾಂಡ್ ಆಲ್ಬಮ್ ಸಿಕ್ಕಾಗ ನಾನು ಮೊದಲು ಹುಡುಕೋದೇ ಅದನ್ನ). ಫ್ರೇಮಿನ ಗಾಜಿಗೆ ಅಂಟಿದ ಫೋಟೋಗೆ ಮಾತ್ರ ಇದು ನಡೆಯಲ್ಲ, ಅಲ್ಲಿ ಅಂಟಿರೋದು ಚಿತ್ರದ ಮುಖವೇ. ಅದನ್ನು ಗಾಜಿನ ಸಮೇತ ಸ್ಕ್ಯಾನ್ ಮಾಡಿಟ್ಟುಕೊಳ್ಳಿ.