ಪುಟ್ಟ ಮಕ್ಕಳೊಂದಿಗೆ ಉಷ್ಣವಲಯದ ಕಡಲಿಗೂ ಕಾಡಿಗೂ ಹೋಗುವ ಬಗೆ

ಕಡಲತೀರಕ್ಕೆ ತಾಗಿಕೊಂಡೇ ಕಾಡು ಬೆಳೆದಿರುವ ಉಷ್ಣವಲಯದ ತಾಣಕ್ಕೆ ಏಳೆಂಟು ವರ್ಷದೊಳಗಿನ ಮಕ್ಕಳನ್ನು ಕರೆದೊಯ್ಯಲು ಯೋಚಿಸುವ ತಂದೆತಾಯಂದಿರ ಮನಸ್ಸಿನಲ್ಲಿ ಮೊದಲು ಏಳುವ ಭಯ ಹಾವು, ಮೊಸಳೆ, ವಿಷದ ಜೇಡಗಳದ್ದು. ಆದರೆ ಇಂಥ ಪ್ರವಾಸಗಳಲ್ಲಿ ಮಕ್ಕಳನ್ನು ಹೆಚ್ಚಾಗಿ ಕಾಡುವುದು ಸಮುದ್ರದ ನೀರು, ನಡುಹಗಲಿನ ಬಿಸಿಲು, ಸೊಳ್ಳೆ ಮತ್ತು ದೊಡ್ಡವರು ಹಾಕಿಕೊಂಡ ಬಿಡುವಿಲ್ಲದ ಕಾರ್ಯಕ್ರಮ. ಈ ನಾಲ್ಕನ್ನೂ ಹೊರಡುವ ಮೊದಲೇ ಲೆಕ್ಕಕ್ಕೆ ತೆಗೆದುಕೊಂಡರೆ ಪುಟ್ಟ ಮಕ್ಕಳಿಗೆ ಇದಕ್ಕಿಂತ ಹೊಂದುವ ರಜೆ ಮತ್ತೊಂದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಉಷ್ಣವಲಯದ ಹಕ್ಕಿಗಳೂ ಕೋತಿಗಳೂ ಚುರುಕಾಗಿ ಓಡಾಡುವ ಹೊತ್ತು, ಮಕ್ಕಳು ಹುರುಪಿನಿಂದ ಇರುವ ಹೊತ್ತು, ಬಿಸಿಲು ಸಹಿಸಬಹುದಾದ ಹೊತ್ತು ಈ ಮೂರೂ ಬಹುಮಟ್ಟಿಗೆ ಒಂದೇ ಆಗಿರುವುದು ಅದಕ್ಕೆ ಕಾರಣ. ಇಡೀ ಯೋಜನೆಯನ್ನು ಈ ಹೊಂದಾಣಿಕೆಯ ಮೇಲೆ ಕಟ್ಟಬೇಕು.

ಮೊದಲ ಹೆಜ್ಜೆ: ಜಾಗ ಮತ್ತು ಕಾಲದ ಆಯ್ಕೆ

ಒಂದು ವಾರದ ಪ್ರವಾಸಕ್ಕೆ ಒಂದೇ ತಂಗುದಾಣ ಸಾಕು. ಹತ್ತು ದಿನಗಳಾದರೆ ಹೆಚ್ಚೆಂದರೆ ಎರಡು. ಪ್ರತಿ ಎರಡು ದಿನಕ್ಕೊಮ್ಮೆ ಊರು ಬದಲಿಸುವ ಪ್ರವಾಸದಲ್ಲಿ ಮಕ್ಕಳ ಪಾಲಿಗೆ ಉಳಿಯುವುದು ವಾಹನದ ಹಿಂದಿನ ಸೀಟು ಮಾತ್ರ. ವಸತಿಯಿಂದ ಕಡಲತೀರಕ್ಕೆ ನಡೆದೇ ಹೋಗುವಂತಿರಬೇಕು, ಕಾಡಿನ ಕಾಲುದಾರಿ ಅರ್ಧ ಗಂಟೆಯ ಪಯಣದೊಳಗಿರಬೇಕು, ಮಕ್ಕಳ ವೈದ್ಯರಿರುವ ಆಸ್ಪತ್ರೆ ಒಂದೆರಡು ಗಂಟೆಯೊಳಗೆ ತಲುಪುವಷ್ಟು ಹತ್ತಿರವಿರಬೇಕು. ಈ ಮೂರರಲ್ಲಿ ಕೊನೆಯದನ್ನು ಬಿಟ್ಟುಕೊಡಬಾರದು. ಕೋಸ್ಟರೀಕಾದ ಮಾನ್ವೆಲ್ ಆಂಟೋನಿಯೊ ರಾಷ್ಟ್ರೀಯ ಉದ್ಯಾನದಲ್ಲಿ ಕಾಡಿನ ದಾರಿ ನೇರವಾಗಿ ಕಡಲ ಮರಳಿಗೆ ಬಂದು ಮುಟ್ಟುತ್ತದೆ. ಮಕ್ಕಳಿರುವ ಕುಟುಂಬ ಹುಡುಕಬೇಕಾದದ್ದು ಇಂಥ ಭೂರಚನೆಯನ್ನು.

ತೀರದ ಸ್ವರೂಪವನ್ನೂ ಮೊದಲೇ ವಿಚಾರಿಸಬೇಕು. ಬಂಡೆಗಳ ಚಾಚಿನಿಂದ ರಕ್ಷಣೆ ಪಡೆದ, ಅಲೆಗಳ ಅಬ್ಬರವಿಲ್ಲದ ಕೊಲ್ಲಿಗಳು ಮಕ್ಕಳಿಗೆ ಒಗ್ಗುತ್ತವೆ. ಅಲೆಸವಾರಿಗೆ ಹೆಸರಾದ ತೀರಗಳು ಒಗ್ಗುವುದಿಲ್ಲ. ವಯಸ್ಸಿನ ಮಿತಿಗಳಿರುವ ಕಡೆಗಳನ್ನು ತಿಳಿದುಕೊಳ್ಳುವುದೂ ಅಗತ್ಯ. ರುವಾಂಡಾ ಮತ್ತು ಉಗಾಂಡಾಗಳಲ್ಲಿ ಗೊರಿಲ್ಲಾಗಳನ್ನು ನೋಡಲು ಕಾಡಿನೊಳಗೆ ಹೋಗುವವರಿಗೆ ಕನಿಷ್ಠ 15 ವರ್ಷ ತುಂಬಿರಬೇಕು. ತೆರೆದ ವಾಹನದ ಸಫಾರಿಗಳಲ್ಲಿ ಪುಟ್ಟ ಮಕ್ಕಳಿಗೆ ಅವಕಾಶ ಕೊಡದ ವಸತಿಗೃಹಗಳೂ ಸಾಕಷ್ಟಿವೆ. ಮಲೇರಿಯಾ ಇಲ್ಲದ ಪ್ರದೇಶ ಸಿಗುವುದಾದರೆ ಐದು ವರ್ಷದೊಳಗಿನ ಮಕ್ಕಳಿಗೆ ಅದನ್ನೇ ಆರಿಸುವುದು ಲೇಸು, ಏಕೆಂದರೆ ಆ ವಯಸ್ಸಿನಲ್ಲಿ ಮಲೇರಿಯಾ ಬಹು ಬೇಗ ಉಲ್ಬಣಿಸುತ್ತದೆ.

ಒಣಹವೆಯ ತಿಂಗಳುಗಳೇ ಸುಲಭವೆಂಬುದು ನಿಜ. ಆದರೂ ಮಳೆಗಾಲದ ಆರಂಭ ಮತ್ತು ಅಂತ್ಯವನ್ನು ಪೂರ್ತಿ ತಳ್ಳಿಹಾಕಬೇಕಾಗಿಲ್ಲ. ಅನೇಕ ಕಡೆ ಆಗ ಬೆಳಗು ತಿಳಿಯಾಗಿದ್ದು ಮಧ್ಯಾಹ್ನದ ನಂತರ ಮಳೆ ಸುರಿಯುತ್ತದೆ, ಆ ಹೊತ್ತಿಗೆ ಮಕ್ಕಳು ಹೇಗೂ ಒಳಗಿರಬೇಕಾದವರು.

ಎರಡನೆಯ ಹೆಜ್ಜೆ: ವೈದ್ಯರು ಮತ್ತು ಕಾಗದಪತ್ರ

ಹೊರಡುವ ದಿನಕ್ಕೆ ನಾಲ್ಕರಿಂದ ಆರು ವಾರಗಳ ಮೊದಲೇ ಮಕ್ಕಳ ವೈದ್ಯರನ್ನು ಕಾಣಬೇಕು. ಹಳದಿ ಜ್ವರದ ಲಸಿಕೆಯನ್ನು ಸಾಮಾನ್ಯವಾಗಿ ಒಂಬತ್ತು ತಿಂಗಳು ತುಂಬಿದ ನಂತರವೇ ಕೊಡುತ್ತಾರೆ, ಅದರ ಪ್ರಮಾಣಪತ್ರ ಊರ್ಜಿತವಾಗುವುದು ಚುಚ್ಚುಮದ್ದಿನ ಹತ್ತು ದಿನಗಳ ಬಳಿಕ. ಆದ್ದರಿಂದ ಕೊನೆಯ ಗಳಿಗೆಯ ಓಡಾಟದಿಂದ ಪ್ರಯೋಜನವಿಲ್ಲ. ದಡಾರದ ಲಸಿಕೆ ಇನ್ನೂ ಆಗದ ಆರರಿಂದ ಹನ್ನೊಂದು ತಿಂಗಳ ಕೂಸಿಗೆ ವಿದೇಶ ಪ್ರಯಾಣಕ್ಕೆ ಮುಂಚೆ ಒಂದು ಹೆಚ್ಚುವರಿ ಡೋಸ್ ಬೇಕೇ ಎಂಬುದನ್ನೂ ಕೇಳಬೇಕು. ಮಲೇರಿಯಾ ತಡೆಯುವ ಮಾತ್ರೆಯ ಪ್ರಮಾಣ ಮಗುವಿನ ತೂಕವನ್ನು ಅವಲಂಬಿಸಿರುತ್ತದೆ. ದೊಡ್ಡವರ ಮಾತ್ರೆಯನ್ನು ಅಂದಾಜಿನ ಮೇಲೆ ಮುರಿದು ಕೊಡಕೂಡದು.

ಪಾಸ್‌ಪೋರ್ಟಿನ ಅವಧಿ ಕನಿಷ್ಠ ಆರು ತಿಂಗಳು ಬಾಕಿಯಿರಬೇಕೆಂದು ಹಲವು ದೇಶಗಳು ಕೇಳುತ್ತವೆ. ತಂದೆ ಅಥವಾ ತಾಯಿ ಒಬ್ಬರೇ ಮಗುವಿನೊಂದಿಗೆ ಹೊರಟಿದ್ದರೆ ಮತ್ತೊಬ್ಬರ ಸಹಿಯುಳ್ಳ ಒಪ್ಪಿಗೆ ಪತ್ರ ಜೊತೆಗಿರಲಿ. ಔಷಧದ ಚೀಲದಲ್ಲಿ ಜ್ವರದ ಸಿರಪ್, ಒಆರ್‌ಎಸ್ ಪೊಟ್ಟಣಗಳು, ಥರ್ಮಾಮೀಟರ್, ಚಿಮಟ ಇವಿಷ್ಟು ಇರಲೇಬೇಕು. ಒಆರ್‌ಎಸ್ ಪುಡಿಗೆ ಸುರಕ್ಷಿತ ಕುಡಿಯುವ ನೀರನ್ನು ಪೊಟ್ಟಣದ ಮೇಲೆ ಬರೆದಿರುವ ಅಳತೆಯಷ್ಟೇ ಬೆರೆಸಬೇಕು. ಕಡಿಮೆ ನೀರಿನಲ್ಲಿ ಕದಡಿದ ಒಆರ್‌ಎಸ್ ಮಗುವಿಗೆ ಹಾನಿಕರ.

ಮೂರನೆಯ ಹೆಜ್ಜೆ: ದಿನವನ್ನು ಸೂರ್ಯನಿಗೆ ಹೊಂದಿಸುವುದು

ಸಮಭಾಜಕ ವೃತ್ತದ ಸಮೀಪದಲ್ಲಿ ವರ್ಷವಿಡೀ ಹಗಲು ಸುಮಾರು 12 ಗಂಟೆಗಳಷ್ಟೇ ಇರುತ್ತದೆ. ಸಂಜೆಯ ನಸುಬೆಳಕು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಸೂರ್ಯ ಮುಳುಗಿ ಅರ್ಧ ಗಂಟೆಯೊಳಗೆ ಕತ್ತಲು ಕವಿಯುತ್ತದೆ. ಆದ್ದರಿಂದ ಸೂರ್ಯೋದಯದ ಹೊತ್ತಿಗೆ ಮಕ್ಕಳನ್ನು ಎಬ್ಬಿಸಿ, ಲಘು ಉಪಾಹಾರದೊಂದಿಗೆ ಕಾಡಿನ ದಾರಿಗೆ ಹೋಗಿ, ಒಂಬತ್ತೂವರೆ ಹತ್ತರ ಸುಮಾರಿಗೆ ಹಿಂತಿರುಗುವುದು ಉತ್ತಮ ಕ್ರಮ. ಹತ್ತರಿಂದ ನಾಲ್ಕು ಗಂಟೆಯವರೆಗೆ ನೆರಳು, ಊಟ, ನಿದ್ದೆ, ಚಿತ್ರ ಬಿಡಿಸುವುದು. ನಾಲ್ಕರ ನಂತರ ಕಡಲು. ಆರೂವರೆಗೆ ಸ್ನಾನ, ಬೇಗನೆ ನಿದ್ದೆ.

ಮೊದಲ ಎರಡು ದಿನ ಈ ಕಾರ್ಯಕ್ರಮವನ್ನೂ ಅರ್ಧಕ್ಕೆ ಇಳಿಸಬೇಕು. ಸೆಕೆಗೆ ದೇಹ ಒಗ್ಗಿಕೊಳ್ಳಲು ಒಂದರಿಂದ ಎರಡು ವಾರ ಬೇಕಾಗುತ್ತದೆ. ಮಕ್ಕಳು ಆಟದ ಭರದಲ್ಲಿ ಬಾಯಾರಿಕೆಯನ್ನು ಹೇಳುವುದಿಲ್ಲ. ಅವರು ಕೇಳುವವರೆಗೆ ಕಾಯದೆ ಅರ್ಧ ಗಂಟೆಗೊಮ್ಮೆ ನೀರು ಕುಡಿಸಬೇಕು, ಮೂತ್ರದ ಬಣ್ಣ ಗಾಢವಾಗುತ್ತಿದೆಯೇ ಎಂದು ಗಮನಿಸಬೇಕು. ದಿನಕ್ಕೆ ಒಂದೇ ಮುಖ್ಯ ಕಾರ್ಯಕ್ರಮ ಎಂಬ ನಿಯಮವನ್ನು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ.

ನಾಲ್ಕನೆಯ ಹೆಜ್ಜೆ: ಬಿಸಿಲು ಮತ್ತು ಸೊಳ್ಳೆ

ಉಷ್ಣವಲಯದ ನಡುಹಗಲಿನಲ್ಲಿ ಬಿಸಿಲಿನಲ್ಲಿರುವ ಅತಿನೇರಳೆ ಕಿರಣಗಳ ತೀವ್ರತೆಯನ್ನು ಹೇಳುವ ಸೂಚ್ಯಂಕ 11ನ್ನು ದಾಟುವುದು ಸಾಮಾನ್ಯ, ಅಂತರರಾಷ್ಟ್ರೀಯ ಮಾಪನದಲ್ಲಿ ಅದು ವಿಪರೀತ ಎಂಬ ಎಲ್ಲಕ್ಕಿಂತ ಮೇಲಿನ ದರ್ಜೆ. ಮೋಡವಿದ್ದರೂ ಚರ್ಮ ಸುಡುತ್ತದೆ. ಇದಕ್ಕೆ ಮೊದಲ ಪರಿಹಾರ ಬಟ್ಟೆ: ತುಂಬುತೋಳಿನ ಈಜುಡುಗೆ, ಕುತ್ತಿಗೆಯ ಹಿಂಭಾಗವನ್ನೂ ಮುಚ್ಚುವ ಟೋಪಿ. ಬಟ್ಟೆ ಮುಚ್ಚದ ಭಾಗಕ್ಕೆ ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಹೆಚ್ಚಿನ ಸನ್‌ಸ್ಕ್ರೀನನ್ನು ಹೊರಡುವ ಕಾಲು ಗಂಟೆ ಮೊದಲು ಹಚ್ಚಿ, ಎರಡು ಗಂಟೆಗೊಮ್ಮೆ ಮತ್ತು ನೀರಿನಿಂದ ಹೊರಬಂದಾಗಲೆಲ್ಲ ಪುನಃ ಹಚ್ಚಬೇಕು. ಆರು ತಿಂಗಳೊಳಗಿನ ಶಿಶುವನ್ನು ನೇರ ಬಿಸಿಲಿಗೆ ಒಡ್ಡಲೇಬಾರದು. ಹವಳದ ದಿಬ್ಬಗಳಿಗೆ ಹಾನಿಯಾಗುತ್ತದೆಂಬ ಕಾರಣಕ್ಕೆ ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಇರುವ ಸನ್‌ಸ್ಕ್ರೀನ್‌ಗಳನ್ನು ಪಲಾವು ಎಂಬ ಪೆಸಿಫಿಕ್ ದ್ವೀಪರಾಷ್ಟ್ರ 2020ರಿಂದ ನಿಷೇಧಿಸಿದೆ, ಹವಾಯಿಯಲ್ಲಿ 2021ರಿಂದ ಅವುಗಳ ಮಾರಾಟಕ್ಕೆ ತಡೆಯಿದೆ. ಜಿಂಕ್ ಆಕ್ಸೈಡ್ ಆಧಾರಿತ ಲೇಪನ ಮಗುವಿನ ಮೃದು ಚರ್ಮಕ್ಕೂ ಹೊಂದುತ್ತದೆ.

ಡೆಂಗಿ ಹರಡುವ ಈಡಿಸ್ ಸೊಳ್ಳೆ ಹಗಲಿನಲ್ಲಿ ಕಚ್ಚುತ್ತದೆ, ಮಲೇರಿಯಾ ಹರಡುವ ಅನಾಫಿಲಿಸ್ ಮುಸ್ಸಂಜೆಯಿಂದ ಬೆಳಗಿನವರೆಗೆ ಕಚ್ಚುತ್ತದೆ. ಹೀಗಾಗಿ ರಾತ್ರಿಯ ಸೊಳ್ಳೆಪರದೆಯೊಂದೇ ಸಾಲದು. ಎರಡು ತಿಂಗಳಿಗಿಂತ ಹೆಚ್ಚಿನ ವಯಸ್ಸಿನ ಮಕ್ಕಳಿಗೆ ಡೀಟ್ ಎಂಬ ಸೊಳ್ಳೆ ಓಡಿಸುವ ರಾಸಾಯನಿಕದ ಪ್ರಮಾಣ ಶೇ 30ನ್ನು ಮೀರದ ನಿವಾರಕವನ್ನು ಬಳಸಬಹುದು. ಮೊದಲು ಸನ್‌ಸ್ಕ್ರೀನ್, ಅದು ಒಣಗಿದ ನಂತರ ನಿವಾರಕ. ದೊಡ್ಡವರು ತಮ್ಮ ಅಂಗೈಗೆ ಹಾಕಿಕೊಂಡು ಹಚ್ಚಬೇಕು, ಮಗುವಿನ ಕೈಗಳಿಗೆ, ಕಣ್ಣು ಬಾಯಿಯ ಸುತ್ತ ಹಚ್ಚಬಾರದು. ಎರಡೂ ಬೆರೆತಿರುವ ಒಂದೇ ಲೇಪನವನ್ನು ಕೊಳ್ಳದಿರುವುದು ಒಳ್ಳೆಯದು, ಏಕೆಂದರೆ ಸನ್‌ಸ್ಕ್ರೀನಿನಷ್ಟು ಬಾರಿ ನಿವಾರಕವನ್ನು ಹಚ್ಚುವಂತಿಲ್ಲ.

ಐದನೆಯ ಹೆಜ್ಜೆ: ನೀರಿನ ಬಳಿ

ಈ ಲೇಖನದಲ್ಲಿ ಒಂದೇ ಭಾಗವನ್ನು ಓದಲು ಸಮಯವಿದ್ದರೆ ಇದನ್ನು ಓದಬೇಕೆಂದು ಕೋರುತ್ತೇನೆ. ಮುಳುಗುತ್ತಿರುವ ಮಗು ಸಾಮಾನ್ಯವಾಗಿ ಕೂಗುವುದಿಲ್ಲ, ಕೈ ಬೀಸುವುದೂ ಇಲ್ಲ. ಉಸಿರಾಟಕ್ಕೇ ಹೆಣಗುತ್ತಿರುವಾಗ ದನಿ ಹೊರಡಿಸಲು ಅದಕ್ಕೆ ಶಕ್ತಿಯಿರುವುದಿಲ್ಲ, ಒಂದೆರಡು ನಿಮಿಷಗಳಲ್ಲಿ ಎಲ್ಲವೂ ಮುಗಿದುಹೋಗಬಹುದು. ಆದ್ದರಿಂದ ಮಗು ಮೊಣಕಾಲುದ್ದದ ನೀರಿನಲ್ಲಿದ್ದರೂ ಒಬ್ಬ ದೊಡ್ಡವರು ಕೈಗೆ ಎಟುಕುವಷ್ಟು ಹತ್ತಿರದಲ್ಲೇ ನಿಂತಿರಬೇಕು. ಆ ಹೊತ್ತಿಗೆ ಅವರಿಗೆ ಮೊಬೈಲ್, ಪುಸ್ತಕ, ಹರಟೆ ಯಾವುದೂ ಇರಬಾರದು. ಬಳಗ ದೊಡ್ಡದಾದಷ್ಟೂ ಎಲ್ಲರೂ ನೋಡುತ್ತಿದ್ದಾರೆಂಬ ನಂಬಿಕೆಯಲ್ಲಿ ಯಾರೂ ನೋಡದಿರುವ ಅಪಾಯ ಹೆಚ್ಚುತ್ತದೆ. ಇಪ್ಪತ್ತು ನಿಮಿಷಕ್ಕೊಬ್ಬರಂತೆ ಪಾಳಿ ಹಂಚಿಕೊಂಡು, ಈಗ ಜವಾಬ್ದಾರಿ ನನ್ನದು ಎಂದು ಬಾಯಿಬಿಟ್ಟು ಹೇಳಿ ವಹಿಸಿಕೊಳ್ಳಬೇಕು. ತೋಳಿಗೆ ಕಟ್ಟುವ ಗಾಳಿಪಟ್ಟಿಗಳು, ಗಾಳಿ ತುಂಬಿದ ಬಳೆಗಳು ಆಟಿಕೆಗಳಷ್ಟೇ. ದೋಣಿಯಲ್ಲಿ ಮಗುವಿನ ತೂಕಕ್ಕೆ ತಕ್ಕ, ಸರಿಯಾಗಿ ಬಿಗಿದ ಲೈಫ್ ಜಾಕೆಟ್ ಇರಲೇಬೇಕು. ಈಜುಡುಗೆಯ ಬಣ್ಣ ಕಣ್ಣಿಗೆ ರಾಚುವ ಕಿತ್ತಳೆಯೋ ಗುಲಾಬಿಯೋ ಆಗಿರಲಿ. ತಿಳಿ ನೀಲಿ ಬಟ್ಟೆ ನೀರಿನಡಿ ಕಣ್ಣಿಗೆ ಬೀಳುವುದಿಲ್ಲ.

ಲೈಫ್‌ಗಾರ್ಡ್ ಇರುವ ತೀರಗಳಲ್ಲಿ ಕೆಂಪು-ಹಳದಿ ಬಾವುಟಗಳ ನಡುವಿನ ಜಾಗವನ್ನು ಅವರು ಕಾಯುತ್ತಿರುತ್ತಾರೆ, ಆಟ ಅಲ್ಲಿಯೇ ನಡೆಯಲಿ. ಕೆಂಪು ಬಾವುಟ ಹಾರುತ್ತಿದ್ದರೆ ಆ ದಿನ ಮರಳಿನ ಕೋಟೆ ಕಟ್ಟುವುದು. ನೀರಿಗಿಳಿಯುವ ಮೊದಲು ಐದು ನಿಮಿಷ ದಡದಲ್ಲಿ ನಿಂತು ಸಮುದ್ರವನ್ನು ನೋಡುವ ಅಭ್ಯಾಸವನ್ನು ಮಕ್ಕಳಿಗೂ ಕಲಿಸಬೇಕು. ಎರಡು ಕಡೆ ಅಲೆಗಳು ನೊರೆಯಾಗಿ ಒಡೆಯುತ್ತಿದ್ದು ನಡುವೆ ಒಂದು ಪಟ್ಟಿಯಷ್ಟು ನೀರು ಶಾಂತವಾಗಿ, ಗಾಢ ಬಣ್ಣದಲ್ಲಿ ಕಂಡರೆ ಅದು ದಡದಿಂದ ಒಳಗೆ ಎಳೆದೊಯ್ಯುವ ರಿಪ್ ಕರೆಂಟ್ ಆಗಿರಬಹುದು. ಅಲೆಯಿಲ್ಲದ ಆ ಜಾಗವೇ ಸುರಕ್ಷಿತವೆಂದು ಅನುಭವವಿಲ್ಲದವರು ಮಕ್ಕಳನ್ನು ಅಲ್ಲಿಗೇ ಇಳಿಸುತ್ತಾರೆ. ಆ ಸೆಳೆತಕ್ಕೆ ಸಿಕ್ಕ ದೊಡ್ಡವರು ದಡದ ಕಡೆಗೆ ಹೋರಾಡಿ ದಣಿಯದೆ, ತೇಲುತ್ತ ಉಸಿರು ಹಿಡಿತಕ್ಕೆ ತಂದುಕೊಂಡು, ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬಂದು ನಂತರ ದಡಕ್ಕೆ ತಿರುಗಬೇಕು. ಮಗು ಸಿಲುಕಿದರೆ ಲೈಫ್‌ಗಾರ್ಡನ್ನು ಕೂಗಿ ಕರೆದು, ತೇಲುವ ವಸ್ತುವನ್ನು ಎಸೆಯಬೇಕು. ಬರಿಗೈಯಲ್ಲಿ ಧುಮುಕಿದ ರಕ್ಷಕರೇ ಮುಳುಗಿದ ನಿದರ್ಶನಗಳು ಬಹಳ. ನದಿ ಕಡಲು ಸೇರುವ ಅಳಿವೆಗಳಲ್ಲಿ ಮೊಸಳೆಗಳಿರುವ ಪ್ರದೇಶಗಳುಂಟು, ಅಂಥ ಕಡೆ ನೀರಿನಂಚಿಗೂ ಮಕ್ಕಳನ್ನು ಬಿಡಬಾರದು.

ಮರಳಿನಲ್ಲಿ ಹುದುಗಿರುವ, ಬಾಲದಲ್ಲಿ ವಿಷಮುಳ್ಳಿರುವ ತೊರಕೆ ಮೀನನ್ನು ತುಳಿಯದಿರಲು ಪಾದ ಎತ್ತದೆ ತಳ್ಳುತ್ತ ನಡೆಯುವುದನ್ನು ಆಟವಾಗಿ ಕಲಿಸಬಹುದು. ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್ ತೀರಗಳಲ್ಲಿ ಶಂಕುವಿನಾಕಾರದ ಅಂದವಾದ ಚಿಪ್ಪಿನೊಳಗೆ ಮಾರಕ ವಿಷದ ಬಸವನಹುಳು ಜೀವಂತವಾಗಿರಬಹುದು, ಆದ್ದರಿಂದ ಚಿಪ್ಪುಗಳನ್ನು ನೋಡುವುದಷ್ಟೇ, ಎತ್ತಿಕೊಳ್ಳುವುದಿಲ್ಲ. ಖಾಲಿ ಚಿಪ್ಪುಗಳೂ ಸನ್ಯಾಸಿ ಏಡಿಗಳ ಮುಂದಿನ ಮನೆಗಳೆಂದು ತಿಳಿಸಿದರೆ ಮಕ್ಕಳು ಸಂತೋಷದಿಂದ ಒಪ್ಪುತ್ತಾರೆ. ಕೆರಿಬಿಯನ್ ಮತ್ತು ಮಧ್ಯ ಅಮೆರಿಕದ ಕಡಲತೀರಗಳಲ್ಲಿ ಮ್ಯಾಂಚಿನೀಲ್ ಎಂಬ ಮರವಿದೆ. ಅದರ ಪುಟ್ಟ ಸೇಬಿನಂಥ ಹಣ್ಣು ವಿಷ, ಹಾಲಿನಂಥ ರಸ ಚರ್ಮವನ್ನು ಸುಡುತ್ತದೆ, ಮಳೆಯಲ್ಲಿ ಅದರಡಿ ನಿಂತರೂ ಬೊಬ್ಬೆಗಳೇಳುತ್ತವೆ. ತಲುಪಿದ ದಿನವೇ ಸ್ಥಳೀಯರಿಂದ ಅದನ್ನು ಗುರುತು ಮಾಡಿಸಿಕೊಳ್ಳಬೇಕು.

ಆರನೆಯ ಹೆಜ್ಜೆ: ಕಾಡಿನ ದಾರಿಯಲ್ಲಿ

ಮಗುವಿನ ಕಣ್ಣಿನ ಎತ್ತರದಲ್ಲಿ ಏನಿದೆ ಎಂಬುದರಿಂದ ಆರಂಭಿಸಬೇಕು. ಮರದ ತುದಿಯ ಅಪರೂಪದ ಹಕ್ಕಿಯನ್ನು ತೋರಿಸಲು ಪಡುವ ಪಾಡಿಗಿಂತ ನೆಲದ ಮೇಲೆ ಎಲೆ ಹೊತ್ತು ಸಾಗುವ ಇರುವೆಗಳ ಸಾಲು ಮೂರು ವರ್ಷದ ಮಗುವನ್ನು ಹೆಚ್ಚು ಹೊತ್ತು ಹಿಡಿದಿಡುತ್ತದೆ. ಅಮೆರಿಕ ಖಂಡಗಳ ಕಾಡಿನ ಈ ಇರುವೆಗಳು ಆ ಎಲೆಗಳ ಮೇಲೆ ಶಿಲೀಂಧ್ರ ಬೆಳೆಸುತ್ತವೆ, ಗೂಡಿನ ಆಹಾರ ಅದು ಎಂದು ತಿಳಿದರೆ ಪ್ರಶ್ನೆಗಳು ಮುಗಿಯುವುದಿಲ್ಲ. ಮರದಲ್ಲಿ ನೇತಾಡುತ್ತ ಬಲು ನಿಧಾನವಾಗಿ ಚಲಿಸುವ ಸ್ಲಾತ್ ಪುಟ್ಟ ಮಕ್ಕಳಿಗೆ ಹೇಳಿ ಮಾಡಿಸಿದ ಪ್ರಾಣಿ. ಅದು ಓಡಿಹೋಗುವುದಿಲ್ಲ, ಎಲ್ಲರೂ ನೋಡಿ ಮುಗಿಸುವವರೆಗೂ ಅದೇ ಕೊಂಬೆಯಲ್ಲಿರುತ್ತದೆ, ಮೂರು ಬೆರಳಿನ ಸ್ಲಾತ್ ಮಲವಿಸರ್ಜನೆಗೆ ಸುಮಾರು ವಾರಕ್ಕೊಮ್ಮೆ ಮಾತ್ರ ಮರದಿಂದ ಇಳಿಯುತ್ತದೆಂಬ ಸಂಗತಿಯಂತೂ ಆ ವಯಸ್ಸಿನವರಿಗೆ ಬಲು ಪ್ರಿಯ.

ಮೊದಲ ನಡಿಗೆಗೆ ಮಕ್ಕಳ ಅನುಭವವಿರುವ ಮಾರ್ಗದರ್ಶಿಯನ್ನು ಗೊತ್ತುಮಾಡುವುದು ಯೋಗ್ಯ ಖರ್ಚು. ದುರ್ಬೀನಿನಲ್ಲಿ ಗುರಿ ಹಿಡಿಯಲು ಐದು ವರ್ಷದೊಳಗಿನವರಿಗೆ ಆಗುವುದಿಲ್ಲ. ಮಾರ್ಗದರ್ಶಿ ಮುಕ್ಕಾಲಿಯ ಮೇಲೆ ನಿಲ್ಲಿಸುವ ದೂರದರ್ಶಕವನ್ನು ತಗ್ಗಿಸಿಕೊಟ್ಟರೆ ಅವರಿಗೂ ಕಾಣುತ್ತದೆ. ಮಗುವಿನ ಹೆಜ್ಜೆಗೆ ಒಂದು ಕಿಲೋಮೀಟರ್ ಸಾಕು. ಮುಚ್ಚಿದ ಬೂಟು, ಉದ್ದನೆಯ ಕಾಲುಚೀಲ ಧರಿಸಿ ದಾರಿಯ ನಡುವೆಯೇ ನಡೆಯಬೇಕು. ನೋಡದೆ ಬೇಲಿ, ಕೊಂಬೆ, ಮರದ ದಿಮ್ಮಿಗಳ ಮೇಲೆ ಕೈಯಿಡಬಾರದು. ಹಾವಿನ ವಿಷಯದಲ್ಲಿ ಮಕ್ಕಳಿಗೆ ಬೇಕಾದ ಶಿಕ್ಷಣ ಇಷ್ಟೇ.

ಕೋತಿಗಳ ವಿಷಯ ಬೇರೆ. ಪ್ರವಾಸಿಗರ ತಿಂಡಿಯ ರುಚಿ ಹತ್ತಿದ ಕೋತಿಗಳು ಮಗುವಿನ ಕೈಯಿಂದ ಕಸಿದುಕೊಳ್ಳಲು ಹಿಂಜರಿಯುವುದಿಲ್ಲ. ಆಹಾರ ಕೊಡಬಾರದು, ಮಗುವಿನ ಕೈಯಲ್ಲಿ ತಿನಿಸು ಇರಬಾರದು, ಅವುಗಳ ಕಣ್ಣನ್ನೇ ದಿಟ್ಟಿಸಿ ಹಲ್ಲು ತೋರಿಸಿ ನಗಬಾರದು, ಅದನ್ನು ಅವು ಬೆದರಿಕೆಯೆಂದು ತಿಳಿಯುತ್ತವೆ. ಯಾವುದೇ ಪ್ರಾಣಿ ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸಾಬೂನು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು, ರೇಬಿಸ್ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಚಿಕಿತ್ಸೆಯಿಲ್ಲ. ಬೈಗುಳದ ಭಯದಿಂದ ಮಕ್ಕಳು ಪರಚಿದ್ದನ್ನು ಮುಚ್ಚಿಡುವುದುಂಟು. ಹೇಳಿದರೆ ಬೈಯುವುದಿಲ್ಲವೆಂದು ಮೊದಲೇ ಮಾತು ಕೊಡಬೇಕು. ಪೆಸಿಫಿಕ್ ಸಾಗರದ ಗಲಾಪಗಸ್ ದ್ವೀಪಗಳಲ್ಲಿ ಪ್ರಾಣಿಗಳಿಂದ ಎರಡು ಮೀಟರ್ ದೂರವಿರಬೇಕೆಂಬ ನಿಯಮವಿದೆ, ಮಕ್ಕಳಿಗೆ ಅದನ್ನು ತಂದೆಯ ಎರಡು ದೊಡ್ಡ ಹೆಜ್ಜೆಗಳೆಂದು ಅಳೆದು ತೋರಿಸಿದರೆ ಮನಸ್ಸಿನಲ್ಲಿ ಉಳಿಯುತ್ತದೆ. ಪ್ರಾಣಿಯನ್ನು ಎತ್ತಿಕೊಂಡು ಫೋಟೊ ತೆಗೆಸಿಕೊಳ್ಳಲು ಬಿಡುವ ಜಾಗಗಳಿಗೆ ಮಕ್ಕಳನ್ನು ಕರೆದೊಯ್ಯಲೇಬಾರದು.

ಕಡಲಾಮೆ ಮೊಟ್ಟೆಯಿಡುವುದನ್ನು ನೋಡುವ ರಾತ್ರಿ ನಡಿಗೆಗೆ ಆರೇಳು ವರ್ಷ ತುಂಬುವವರೆಗೆ ಕಾಯುವುದು ಒಳ್ಳೆಯದು. ಅಲ್ಲಿ ಕತ್ತಲಲ್ಲಿ ಮೌನವಾಗಿ ಬಹಳ ಹೊತ್ತು ಕೂರಬೇಕು, ಫ್ಲಾಶ್ ಮತ್ತು ಬಿಳಿ ಟಾರ್ಚ್ ನಿಷಿದ್ಧ. ಬದಲಿಗೆ, ಮರಿಗಳನ್ನು ಕಡಲಿಗೆ ಬಿಡುವ ಅಧಿಕೃತ ಸಂರಕ್ಷಣಾ ಕೇಂದ್ರಗಳು ಅನೇಕ ತೀರಗಳಲ್ಲಿವೆ, ಸಂಜೆಯ ಬೆಳಕಿನಲ್ಲಿ ಅದನ್ನು ಎರಡು ವರ್ಷದವರೂ ನೋಡಬಹುದು. ಮರಳು ಹೆಚ್ಚು ಬೆಚ್ಚಗಿದ್ದರೆ ಹೆಣ್ಣುಮರಿಗಳೇ ಹೆಚ್ಚಾಗಿ ಹುಟ್ಟುತ್ತವೆಂಬುದನ್ನು ದೊಡ್ಡ ಮಕ್ಕಳಿಗೆ ಅಲ್ಲಿಯೇ ವಿವರಿಸಬಹುದು.

ಕೊನೆಯ ಹೆಜ್ಜೆ: ಮರಳಿ ಬಂದ ಮೇಲೆ

ಮಲೇರಿಯಾ ತಡೆಯುವ ಮಾತ್ರೆಗಳನ್ನು ಮನೆಗೆ ಬಂದ ಕೂಡಲೇ ನಿಲ್ಲಿಸದೆ ವೈದ್ಯರು ಬರೆದಷ್ಟು ದಿನವೂ ಮುಂದುವರಿಸಬೇಕು. ಪಾದದ ಮೇಲೆ ಹಾವಿನಂತೆ ಹರಿಯುವ, ತುರಿಸುವ ಕೆಂಪು ಗೆರೆ ಕಂಡರೆ ಅದು ನಾಯಿ ಬೆಕ್ಕುಗಳು ಓಡಾಡಿದ ಮರಳಿನಿಂದ ಚರ್ಮದೊಳಗೆ ಹೊಕ್ಕ ಕೊಕ್ಕೆಹುಳುವಿನ ಮರಿಯಿರಬಹುದು, ಚಿಕಿತ್ಸೆ ಸುಲಭ. ಜ್ವರವನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬಾರದು. ಮಲೇರಿಯಾ ಇರುವ ಪ್ರದೇಶಕ್ಕೆ ಹೋಗಿಬಂದ ಮಗುವಿಗೆ ಮುಂದಿನ ಒಂದು ವರ್ಷದೊಳಗೆ ಯಾವಾಗ ಜ್ವರ ಬಂದರೂ ಅದೇ ದಿನ ವೈದ್ಯರ ಬಳಿಗೆ ಕರೆದೊಯ್ದು, ಯಾವ ದೇಶದಲ್ಲಿ, ಯಾವ ದಿನಾಂಕಗಳಲ್ಲಿ ಇದ್ದಿರೆಂಬುದನ್ನು ಅವರು ಕೇಳುವ ಮೊದಲೇ ಹೇಳಬೇಕು.