ಹೊಸ ಬ್ಯಾಟ್ ಕೊಳ್ಳುವ ಮುಂಚೆ ಗಟ್ಟಿಂಗ್ ಬದಲಿಸಿ ನೋಡಿ

ನಾನು ಆಡುವ ಕೋರ್ಟಿಗೆ ಎರಡು ಮೂರು ತಿಂಗಳಿಗೊಮ್ಮೆ ಯಾರಾದರೊಬ್ಬರು ಹೊಸ ಟೆನಿಸ್ ಬ್ಯಾಟ್ ಹಿಡಿದು ಬರುತ್ತಾರೆ. ಇಪ್ಪತ್ತು ಸಾವಿರದ ಮಾತು. ಮೊದಲ ವಾರ ಎಲ್ಲ ಹೊಡೆತವೂ ಒಳಗೇ ಬೀಳುತ್ತದೆ. ಎರಡನೇ ತಿಂಗಳಿಗೆ ಮತ್ತೆ ಅದೇ ಫೋರ್‌ಹ್ಯಾಂಡ್, ಅದೇ ಹಿಂದಿನ ಬೇಲಿ. ಹಳೇ ಬ್ಯಾಟಿಗೆ ಗಟ್ಟಿಂಗ್ (ಅಂದರೆ ಬ್ಯಾಟಿನ ಎಳೆಗಳ ಹೆಣಿಗೆ) ಮಾಡಿಸಿ ಎಷ್ಟು ದಿನ ಆಗಿತ್ತು ಅಂತ ಕೇಳಿದರೆ, "ಅದಾ? ತಗೊಂಡಾಗ ಇದ್ದದ್ದೇ ಇತ್ತು" ಅನ್ನುತ್ತಾರೆ. ಅಂದರೆ ಮೊದಲ ವಾರದ ಖುಷಿ ಕೊಟ್ಟದ್ದು ಹೊಸ ಬ್ಯಾಟಲ್ಲ, ಅದರ ಮೇಲಿದ್ದ ಹೊಸ ಗಟ್ಟು. ಅದನ್ನು ಸಾವಿರ ಚಿಲ್ಲರೆಗೆ ಹಳೇದಕ್ಕೇ ಹಾಕಿಸಬಹುದಿತ್ತು, ಅಲ್ವಾ?

ನಾನೇನು ಬುದ್ಧಿವಂತಿಕೆಯಿಂದ ಇದನ್ನು ಕಲಿಯಲಿಲ್ಲ. ಕೆಲವು ವರ್ಷದ ಹಿಂದೆ ಹಗುರವಾದ, ತುಂಬಾ ಬಿರುಸಾದ, ಅಂದರೆ ಬಾಗದ, ಒಂದು ಬ್ಯಾಟ್ ತಗೊಂಡು, ನಡಾಲ್ ಪಾಲಿಯೆಸ್ಟರ್ ಎಳೆ ಹಾಕಿಸುತ್ತಾನಂತೆ ಅಂತ ನಾನೂ ಪಾಲಿಯೆಸ್ಟರ್ ಹಾಕಿಸಿದೆ, ಅದೂ 58 ಪೌಂಡಿಗೆ (ಎಳೆಯನ್ನು ಎಷ್ಟು ಬಿಗಿಯಾಗಿ ಎಳೆದು ಕಟ್ಟುತ್ತಾರೆ ಅನ್ನುವ ಅಳತೆ ಇದು). ಅಂಗಡಿಯವರು ಏನೂ ಕೇಳಲಿಲ್ಲ, ಎಳೆದು ಕೊಟ್ಟರು. ಮೂರೇ ವಾರಕ್ಕೆ ಮೊಣಕೈ ಹಿಡಿಯಿತು. ಬೆಳಿಗ್ಗೆ ಕುಕ್ಕರ್ ಎತ್ತಲು ಎಡಗೈ ಬೇಕಾಯಿತು. ನಾಲ್ಕು ತಿಂಗಳು ಆಟ ಇಲ್ಲ. ಆ ನಾಲ್ಕು ತಿಂಗಳು ಸುಮ್ನೆ ಕೂತು ಓದಿದ್ದು, ಆಮೇಲೆ ಒಂದೊಂದಾಗಿ ಮಾಡಿ ನೋಡಿದ್ದು ಇಲ್ಲಿದೆ.

ಮೊದಲು ಫ್ರೇಮಿನ, ಅಂದರೆ ಎಳೆ ಕಟ್ಟುವ ಚೌಕಟ್ಟಿನ, ವಿಷಯ. ಗಟ್ಟು ಬದಲಿಸಬಹುದು, ಫ್ರೇಮಿನ ಆಕಾರ ಬದಲಿಸಲಾಗದು. ಹಾಗಾಗಿ ಅದು ಏನು ಮಾಡುತ್ತದೆ ಅಂತ ಗೊತ್ತಿರಬೇಕು.

ಮರದ ಬ್ಯಾಟಿನ ಕಾಲದಲ್ಲಿ ತಲೆಯ (ಎಳೆಗಳಿರುವ ಭಾಗದ) ಅಳತೆ 65ರಿಂದ 70 ಚದರ ಇಂಚು. ಹೋವರ್ಡ್ ಹೆಡ್ ಅನ್ನುವ ಅಮೆರಿಕದ ಎಂಜಿನಿಯರ್ ಹಿಮದ ಮೇಲೆ ಜಾರುವ ಸ್ಕೀ ಹಲಗೆಗಳನ್ನು ತಯಾರಿಸಿ ದುಡ್ಡು ಮಾಡಿದವರು. ಟೆನಿಸ್‌ನಲ್ಲಿ ಮಾತ್ರ ಸಾಧಾರಣ. ಚೆಂಡು ಸ್ವಲ್ಪ ಪಕ್ಕಕ್ಕೆ ತಾಗಿದರೂ ಕೈಯಲ್ಲಿ ಬ್ಯಾಟ್ ತಿರುಗಿಬಿಡುತ್ತಿತ್ತು. ತಪ್ಪು ನನ್ನದಲ್ಲ, ಬ್ಯಾಟಿನದು ಅಂದುಕೊಂಡರು. (ಇದು ನಾವೆಲ್ಲ ಅಂದುಕೊಳ್ಳುವುದೇ, ಅವರ ವಿಷಯದಲ್ಲಿ ಮಾತ್ರ ನಿಜವಾಯಿತು.) ಅಗಲ ಸ್ವಲ್ಪ ಹೆಚ್ಚಿಸಿದರೂ ತಿರುಗದೆ ನಿಲ್ಲುವ ಶಕ್ತಿ ಬಹಳ ಹೆಚ್ಚುತ್ತದೆ, ಯಾಕೆಂದರೆ ಅದು ಅಗಲದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಹೀಗೆ 1976ರಲ್ಲಿ ಅವರ 110 ಚದರ ಇಂಚಿನ ಬ್ಯಾಟ್ ಪ್ರಿನ್ಸ್ ಅನ್ನುವ ಹೆಸರಲ್ಲಿ ಬಂತು. ಜನ ನಕ್ಕರು. 1978ರಲ್ಲಿ 16 ವರ್ಷದ ಪ್ಯಾಮ್ ಶ್ರೈವರ್ ಅಂಥದ್ದೇ ದೊಡ್ಡ ಬ್ಯಾಟ್ ಹಿಡಿದು ಯು.ಎಸ್. ಓಪನ್ ಫೈನಲ್‌ವರೆಗೆ ಹೋದ ಮೇಲೆ ನಗು ನಿಂತಿತು.

ಈಗ ಹೆಚ್ಚಿನವರಿಗೆ 98ರಿಂದ 105 ಸಾಕು. ಚಿಕ್ಕ ತಲೆ ಅಂದರೆ ದೊಡ್ಡ ಆಟಗಾರ ಅನ್ನುವ ಗರ್ವ ಬೇಡ. ಫೆಡರರ್ ವರ್ಷಗಟ್ಟಲೆ 90 ಚದರ ಇಂಚಿನಲ್ಲಿ ಆಡಿದವರು. 2013ರ ವಿಂಬಲ್ಡನ್‌ನಲ್ಲಿ ಎರಡನೇ ಸುತ್ತಿಗೇ ಸೋತರು, 2014ಕ್ಕೆ 97ಕ್ಕೆ ಬದಲಾದರು, 2017ರಲ್ಲಿ ಆಸ್ಟ್ರೇಲಿಯನ್ ಓಪನ್ನೂ ವಿಂಬಲ್ಡನ್ನೂ ಗೆದ್ದರು. ಅಂಥ ಕೈಗೇ ಏಳು ಚದರ ಇಂಚು ಜಾಸ್ತಿ ಬೇಕಾಯಿತು. ಭಾನುವಾರ ಆಡುವ ನಮಗೆ ಏನು ಜಂಬ?

ಅಳತೆ ಒಂದೇ ಇದ್ದರೂ ಆಕಾರ ಬೇರೆ ಇರಬಹುದು. ಒಂದು ಮೊಟ್ಟೆಯ ಹಾಗೆ ಉದ್ದ, ಇನ್ನೊಂದು ದುಂಡಗೆ, ಮತ್ತೊಂದು ಯೋನೆಕ್ಸ್ ಕಂಪನಿಯವರು ಐಸೋಮೆಟ್ರಿಕ್ ಅನ್ನುವ, ಮೇಲಿನ ಮೂಲೆಗಳು ಚೌಕಕ್ಕೆ ತಿರುಗಿದ ಆಕಾರ. ಮೊಟ್ಟೆಯಾಕಾರದಲ್ಲಿ ತಲೆಯ ತುದಿಗೆ ಹೋದಂತೆ ಅಡ್ಡ ಎಳೆಗಳು ಬೇಗ ಗಿಡ್ಡ ಆಗುತ್ತವೆ. ಗಿಡ್ಡ ಎಳೆ ಅಂದರೆ ಹೆಚ್ಚು ಬಿಗಿ, ಅಲ್ಲಿ ತಾಗಿದ ಚೆಂಡು ಸತ್ತ ಹಾಗೆ ಹೋಗುತ್ತದೆ. ಚೌಕದ ಕಡೆಗೆ ಇದ್ದರೆ ಮೇಲೂ ಎಳೆಗಳು ಸುಮಾರು ಅಷ್ಟೇ ಉದ್ದ ಇರುತ್ತವೆ, ಚೆಂಡು ಚೆನ್ನಾಗಿ ಹೊರಡುವ ಜಾಗ ತುದಿಯ ಕಡೆಗೆ ಹಿಗ್ಗುತ್ತದೆ.

ನಿಮಗೆ ಯಾವುದು ಬೇಕು ಅಂತ ಅಂಗಡಿಯಲ್ಲಿ ಗೊತ್ತಾಗುವುದಿಲ್ಲ, ನಿಮ್ಮ ಹಳೇ ಬ್ಯಾಟಿನಲ್ಲೇ ಗೊತ್ತಾಗುತ್ತದೆ. ಒಂದು ಗಂಟೆ ಆಡಿದ ಮೇಲೆ ಬ್ಯಾಟನ್ನು ಬೆಳಕಿಗೆ ಹಿಡಿದು ನೋಡಿ. ಚೆಂಡಿನ ಹಳದಿ ಎಳೆ, ಮಣ್ಣಿನ ಕೋರ್ಟಾದರೆ ಕೆಂಪು ಧೂಳು, ಎಲ್ಲಿ ಜಾಸ್ತಿ ಅಂಟಿದೆ? ನನ್ನದು ನಟ್ಟನಡುವಿಗಿಂತ ಎರಡು ಬೆರಳು ಮೇಲೆ ಇತ್ತು. ಅಂಥವರಿಗೆ ಚೌಕದ ತಲೆ ಒಗ್ಗುತ್ತದೆ. ಗುರುತು ಪಕ್ಕಕ್ಕೆ ಹರಡಿದ್ದರೆ ಅಗಲವಾದ ತಲೆ ನೋಡಿ. ಅಥವಾ ಇರುವ ಬ್ಯಾಟಿಗೇ ಎರಡೂ ಪಕ್ಕದಲ್ಲಿ, ಗಡಿಯಾರದ ಮೂರು ಮತ್ತು ಒಂಬತ್ತರ ಜಾಗದಲ್ಲಿ, ಎರಡೆರಡು ಗ್ರಾಂ ಸೀಸದ ಟೇಪು ಅಂಟಿಸಿ. ಬ್ಯಾಟ್ ಕೈಯಲ್ಲಿ ತಿರುಗುವುದು ಕಡಿಮೆಯಾಗುತ್ತದೆ.

ಇನ್ನು ಪಕ್ಕದಿಂದ ನೋಡಿದಾಗ ಕಾಣುವ ದಪ್ಪ. 20-21 ಮಿಲಿಮೀಟರ್ ಇದ್ದರೆ ತೆಳು, 26ರ ಹತ್ತಿರ ಇದ್ದರೆ ದಪ್ಪ. ದಪ್ಪ ಫ್ರೇಮ್ ಸಾಮಾನ್ಯವಾಗಿ ಬಿರುಸು, ಹೊಡೆದಾಗ ಬಾಗುವುದಿಲ್ಲ, ಅದಕ್ಕೇ ಚೆಂಡು ಜೋರಾಗಿ ಹೋಗುತ್ತದೆ. ಬಾಗುವ ಫ್ರೇಮು ಬಿಲ್ಲಿನ ಹಾಗೆ ಚೆಂಡನ್ನು ಚಿಮ್ಮಿಸುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಹಾಗಲ್ಲ. ಚೆಂಡು ಬ್ಯಾಟಿನ ಮೇಲೆ ಇರುವುದೇ ಸುಮಾರು 5 ಮಿಲಿಸೆಕೆಂಡ್. ಬಾಗಿದ ಫ್ರೇಮು ನೆಟ್ಟಗಾಗಿ ಆ ಶಕ್ತಿ ವಾಪಸ್ ಕೊಡುವ ಹೊತ್ತಿಗೆ ಚೆಂಡು ಹೊರಟು ಹೋಗಿರುತ್ತದೆ. ಬಿರುಸನ್ನು ಆರ್‌.ಎ. ಅನ್ನುವ ಅಂಕಿಯಲ್ಲಿ ಹೇಳುತ್ತಾರೆ. 60ರ ಆಸುಪಾಸು ಮೆದು, 70 ದಾಟಿದರೆ ಬಿರುಸು. ನನ್ನ ಮೊಣಕೈ ತಿಂದದ್ದು 71. ತೂಕದ ವಿಷಯದಲ್ಲೂ ಒಂದು ಮಾತು: ಕೈ ನೋಯುತ್ತದೆ ಅಂತ 260 ಗ್ರಾಮಿನದ್ದಕ್ಕೆ ಇಳಿಯಬೇಡಿ. ಹಗುರ ಬ್ಯಾಟ್ ಚೆಂಡಿನ ಏಟನ್ನು ತಾನು ತಡೆಯದೆ ಕೈಗೆ ದಾಟಿಸುತ್ತದೆ. ಬೀಸಲು ಆಗುವಷ್ಟರಲ್ಲಿ ಭಾರದ್ದೇ ಕೈಗೆ ಒಳ್ಳೆಯದು. 290-305 ಗ್ರಾಂ ಹೆಚ್ಚಿನವರಿಗೆ ಸರಿಹೋಗುತ್ತದೆ.

ಈಗ ಗಟ್ಟಿಗೆ ಬರೋಣ. ಗಟ್ ಅಂದರೆ ಕರುಳು. ಅಸಲಿ ಗಟ್ ಈಗಲೂ ಹಸುವಿನ ಕರುಳಿನಿಂದಲೇ ಬರುತ್ತದೆ. ನಮ್ಮ ಬ್ಯಾಟುಗಳಲ್ಲಿ ಕರುಳು ಇಲ್ಲದಿದ್ದರೂ ನಾವು ಮಾತ್ರ ಗಟ್ಟಿಂಗ್ ಅನ್ನುವುದನ್ನು ಬಿಟ್ಟಿಲ್ಲ. ಅಸಲಿ ಗಟ್ಟಿನಷ್ಟು ಮೆದುವಾಗಿ, ಅದರಷ್ಟು ದಿನ ಬಿಗಿ ಹಿಡಿದುಕೊಳ್ಳುವ ಇನ್ನೊಂದು ಎಳೆ ಇಲ್ಲ. ಆದರೆ ದುಬಾರಿ, ತೇವ ಆಗದು. ಮಂಗಳೂರಿನ ಮಳೆಗಾಲದಲ್ಲಿ ಅದನ್ನು ಹಾಕಿಸುವುದು ದುಡ್ಡು ನೀರಿಗೆ ಹಾಕಿದ ಹಾಗೆ.

ಉಳಿದದ್ದು ಎರಡು ಜಾತಿ. ನೈಲಾನ್, ಅದರಲ್ಲಿ ಸಾವಿರಾರು ಸಣ್ಣ ಎಳೆ ಹೆಣೆದ ಮಲ್ಟಿಫಿಲಮೆಂಟ್ ಕೈಗೆ ಹಿತ. ಇನ್ನೊಂದು ಪಾಲಿಯೆಸ್ಟರ್. 1997ರಲ್ಲಿ ಬ್ರೆಜಿಲ್‌ನ ಗುಸ್ತಾವೊ ಕುಯೆರ್ಟನ್ ಲಕ್ಸಿಲಾನ್ ಕಂಪನಿಯ ಪಾಲಿಯೆಸ್ಟರ್ ಹಾಕಿಸಿಕೊಂಡು ಫ್ರೆಂಚ್ ಓಪನ್ ಗೆದ್ದ ಮೇಲೆ ಅದರ ಗಾಳಿ ಬೀಸಿತು. ಅದರ ಗುಟ್ಟು ನುಣುಪಿನಲ್ಲಿದೆ. ಚೆಂಡು ಮುಂದಕ್ಕೆ ಉರುಳುವ ಹಾಗೆ ತಿರುಗಿಸುವ ಟಾಪ್‌ಸ್ಪಿನ್ ಹೊಡೆದಾಗ ಉದ್ದದ ಎಳೆಗಳು ಪಕ್ಕಕ್ಕೆ ಸರಿದು, ಚೆಂಡು ಬಿಡುವ ಮುಂಚೆ ತಟಕ್ಕನೆ ವಾಪಸ್ ಬರುತ್ತವೆ, ಬರುತ್ತಾ ಚೆಂಡನ್ನು ತಿರುಗಿಸುತ್ತವೆ. ನೈಲಾನಿನಲ್ಲಿ ಎಳೆಗಳು ಸರಿದ ಕಡೆಯೇ ನಿಂತುಬಿಡುತ್ತವೆ, ಪಾಯಿಂಟ್ ಮುಗಿದ ಮೇಲೆ ನಾವು ಬೆರಳಿಂದ ನೆಟ್ಟಗೆ ಮಾಡುತ್ತೇವಲ್ಲ, ಅದು ಇದಕ್ಕೇ. ಎಳೆ ಸರಿಯುವುದರಲ್ಲಿ ಎಷ್ಟು ಶಕ್ತಿ ಇದೆ ಅಂದರೆ, 1977ರಲ್ಲಿ ರುಮೇನಿಯಾದ ಆಟಗಾರ ನಸ್ತಾಸೆ 'ಸ್ಪಗೆಟಿ' ಗಟ್ಟಿಂಗ್ ಅನ್ನುವ ಎರಡು ಪದರದ ಬ್ಯಾಟ್ ಹಿಡಿದು, ಮಣ್ಣಿನ ಕೋರ್ಟಿನಲ್ಲಿ ಸಾಲಾಗಿ 53 ಪಂದ್ಯ ಗೆದ್ದಿದ್ದ ಅರ್ಜೆಂಟೀನಾದ ವಿಲಾಸ್‌ನನ್ನು ನಿಲ್ಲಿಸಿದರು. ಆಮೇಲೆ ಅಂಥ ಗಟ್ಟಿಂಗನ್ನೇ ನಿಷೇಧಿಸಿದರು.

16×19, 18×20 ಅಂತ ಫ್ರೇಮಿನ ಮೇಲೆ ಬರೆದಿರುವುದೂ ಇದೇ ಲೆಕ್ಕ. ಉದ್ದಕ್ಕೆ 16, ಅಡ್ಡಕ್ಕೆ 19. ಎಳೆಗಳ ನಡುವಿನ ಕಿಂಡಿ ಅಗಲ ಇದ್ದಷ್ಟು ಎಳೆ ಸರಿಯಲು ಜಾಗ, ಸ್ಪಿನ್ ಸುಲಭ, ಆದರೆ ಬೇಗ ಸವೆದು ಕಡಿಯುತ್ತದೆ. 18×20ರಲ್ಲಿ ಚೆಂಡು ತಗ್ಗಾಗಿ, ನೆಟ್ಟಗೆ ಹೋಗುತ್ತದೆ.

ಪಾಲಿಯೆಸ್ಟರಿನ ತೊಂದರೆ ಅಂದರೆ ಅದು ನಮ್ಮಂಥವರ ಕೈಯಲ್ಲಿ ಕಡಿಯುವುದಿಲ್ಲ, ಸಾಯುತ್ತದೆ. ನೋಡಲು ಹೊಸದರ ಹಾಗೇ ಇರುತ್ತದೆ. ಆದರೆ ಚೆಂಡು ಒಂದು ಹೊಡೆತ ಗಿಡ್ಡ, ಒಂದು ಹೊಡೆತ ಬೇಲಿಗೆ, ಕೈಗೆ ಹಲಗೆಯಲ್ಲಿ ಹೊಡೆದ ಹಾಗೆ. ಪ್ರೊಗಳು ಅದನ್ನು ಪಂದ್ಯಕ್ಕೊಮ್ಮೆ ಬದಲಿಸುತ್ತಾರೆ, ನಾವು ದೀಪಾವಳಿಯಿಂದ ದೀಪಾವಳಿಗೆ. ಪೂರ್ತಿ ಬೀಸಿ ಹೊಡೆಯುವ, ವಾರಕ್ಕೆ ನಾಲ್ಕು ದಿನ ಆಡುವ ಹುಡುಗರಿಗೆ ಪಾಲಿ ಸರಿ. ಉಳಿದವರು ಮಲ್ಟಿ ಹಾಕಿಸಿ. ಆಸೆ ತಡೆಯದಿದ್ದರೆ ಉದ್ದಕ್ಕೆ ಪಾಲಿ, ಅಡ್ಡಕ್ಕೆ ಮಲ್ಟಿ. ಫೆಡರರ್ ಇದನ್ನು ತಿರುಗಿಸಿ, ಉದ್ದಕ್ಕೆ ಅಸಲಿ ಗಟ್, ಅಡ್ಡಕ್ಕೆ ಪಾಲಿ ಹಾಕಿಸುತ್ತಿದ್ದರು. ಎಷ್ಟು ದಿನಕ್ಕೊಮ್ಮೆ ಅಂದರೆ ಹಳೇ ಲೆಕ್ಕ ಒಂದಿದೆ: ವಾರಕ್ಕೆ ಎಷ್ಟು ದಿನ ಆಡುತ್ತೀರೋ ವರ್ಷಕ್ಕೆ ಅಷ್ಟು ಸಲ. ಪಾಲಿಗೆ ಅದೂ ಕಡಿಮೆಯೇ.

ಪೌಂಡ್ ಎಷ್ಟು? ಎಲ್ಲರೂ ಮೊದಲು ಕೇಳುವುದು ಇದನ್ನೇ, ಎಲ್ಲರೂ ತಪ್ಪು ತಿಳಿದಿರುವುದೂ ಇದನ್ನೇ. ಬಿಗಿ ಮಾಡಿದರೆ ಜೋರಾಗಿ ಹೋಗುತ್ತದೆ ಅಂತ. ಉಲ್ಟಾ. ನಿಯಮದ ಪ್ರಕಾರ ಟೆನಿಸ್ ಚೆಂಡನ್ನು 254 ಸೆಂ.ಮೀ. ಎತ್ತರದಿಂದ ಬಿಟ್ಟರೆ 135ರಿಂದ 147 ಸೆಂ.ಮೀ. ಪುಟಿಯಬೇಕು. ಅಂದರೆ ಚೆಂಡು ಒಮ್ಮೆ ಅಪ್ಪಚ್ಚಿಯಾದರೆ ಹತ್ತಿರ ಅರ್ಧ ಶಕ್ತಿ ತಾನೇ ನುಂಗುತ್ತದೆ. ಗಟ್ಟು ಹಾಗಲ್ಲ, ಹಿಗ್ಗಿದ್ದರಲ್ಲಿ ಬಹುಪಾಲು ವಾಪಸ್ ಕೊಡುತ್ತದೆ. ಬಿಗಿ ಗಟ್ಟು ಚೆಂಡನ್ನು ಹೆಚ್ಚು ಅಪ್ಪಚ್ಚಿ ಮಾಡುತ್ತದೆ, ಸಡಿಲ ಗಟ್ಟು ತಾನು ಹಿಗ್ಗಿ ಚೆಂಡನ್ನು ಉಳಿಸುತ್ತದೆ. ನಾಲ್ಕು ಪೌಂಡ್ ಇಳಿಸಿದರೆ ವೇಗ ಏನೂ ದೊಡ್ಡದಾಗಿ ಏರುವುದಿಲ್ಲ, ಆದರೆ ಚೆಂಡು ಸ್ವಲ್ಪ ಮೇಲೆ ಎದ್ದು ಆಳಕ್ಕೆ ಹೋಗಿ ಬೀಳುತ್ತದೆ. ಹಾಗಾಗಿ ನೆಟ್ಟಿಗೆ ಜಾಸ್ತಿ ಬೀಳುತ್ತಿದ್ದರೆ ಎರಡು ಪೌಂಡ್ ಇಳಿಸಿ, ಬೇಸ್‌ಲೈನ್ ದಾಟುತ್ತಿದ್ದರೆ ಎರಡು ಏರಿಸಿ. ಮಲ್ಟಿಗೆ 54ರಿಂದ, ಪಾಲಿಗೆ 48ರಿಂದ ಶುರುಮಾಡಿ.

ಪಕ್ಕದವರ ನಂಬರ್ ಕದಿಯಬೇಡಿ. ಸ್ವೀಡನ್ನಿನ ಆಟಗಾರ ಬೋರ್ಗ್ ಮರದ ಬ್ಯಾಟಿಗೆ 80 ಪೌಂಡ್ ಹತ್ತಿರ ಎಳೆಸುತ್ತಿದ್ದರು ಅಂತ ಕಥೆ ಹೇಳುವವರು, ತಲೆ ದೊಡ್ಡದಾದಷ್ಟೂ ಎಳೆ ಉದ್ದ, ಅದೇ ಪೌಂಡಿಗೂ ಅದು ಮೆದು ಅನ್ನುವುದನ್ನು ಹೇಳುವುದಿಲ್ಲ. ಊರೂ ಲೆಕ್ಕಕ್ಕೆ ಬರುತ್ತದೆ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲಿದೆ, ಗಾಳಿ ತೆಳು. ಕರಾವಳಿಯಿಂದ ಬಂದ ಗೆಳೆಯರೊಬ್ಬರು ಮೊದಲ ದಿನ ಎಲ್ಲವನ್ನೂ ಹೊರಗೆ ಹೊಡೆದು ಬ್ಯಾಟನ್ನು ಬೈಯುತ್ತಿದ್ದರು. ಎರಡು ಪೌಂಡ್ ಏರಿಸಿದ ಮೇಲೆ ಬೈಗುಳ ನಿಂತಿತು. ಇನ್ನು ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡಿಕ್ಕಿಯಲ್ಲಿ ಬ್ಯಾಟ್ ಬಿಟ್ಟರೆ ಹಾಕಿಸಿದ ಪೌಂಡಿಗೆ ಅರ್ಥವೇ ಇಲ್ಲ, ಎಳೆ ಸಡಿಲ ಬಿಡುತ್ತದೆ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಎಳೆ ಬದಲಿಸಿದರೆ ಪೌಂಡ್ ಅದೇ ಇರಲಿ, ಪೌಂಡ್ ಬದಲಿಸಿದರೆ ಎಳೆ ಅದೇ ಇರಲಿ. ತಾರೀಕು, ಎಳೆ, ಪೌಂಡ್ ಮೂರನ್ನೂ ಚೀಟಿಯಲ್ಲಿ ಬರೆದು ಬ್ಯಾಟಿನ ಕುತ್ತಿಗೆಯ ಒಳಪಕ್ಕ ಅಂಟಿಸಿ. ನೆನಪಿರುತ್ತೆ ಬಿಡಿ ಅಂದುಕೊಂಡರೆ ಇರುವುದಿಲ್ಲ.

ಗಟ್ಟಿಂಗ್ ಮಾಡುವವರನ್ನು ಎರಡು ಪ್ರಶ್ನೆ ಕೇಳಿ. ಮೆಷಿನ್ ಕೈಯಲ್ಲಿ ತಿರುಗಿಸುವುದಾ, ಎಲೆಕ್ಟ್ರಾನಿಕ್ಕಾ? ಕೈಯದ್ದು ಹೇಳಿದ ಪೌಂಡಿಗೆ ಎಳೆದು ಲಾಕ್ ಆಗುತ್ತದೆ, ಆಮೇಲೆ ಎಳೆ ಅಲ್ಲೇ ಸ್ವಲ್ಪ ಸಡಿಲ ಬೀಳುತ್ತದೆ. ಎಲೆಕ್ಟ್ರಾನಿಕ್ ಎಳೆಯುತ್ತಲೇ ಇರುತ್ತದೆ. ಅದಕ್ಕೇ ಒಂದೇ 54 ಎರಡು ಅಂಗಡಿಯಲ್ಲಿ ಎರಡು ಥರ ಬರುತ್ತದೆ. ಅಂಗಡಿ ಬದಲಿಸಬೇಡಿ. ಎರಡನೇದು, ಅಡ್ಡ ಎಳೆಗಳನ್ನು ಎಲ್ಲಿಂದ ಶುರು ಮಾಡುತ್ತೀರಿ? ತಲೆಯ ತುದಿಯಿಂದ ಕುತ್ತಿಗೆಯ ಕಡೆಗೆ ಬರುವುದು ಸುರಕ್ಷಿತ. ಉದ್ದದ ಎಳೆಗಳನ್ನಷ್ಟೇ ಎಳೆದಾಗ ಫ್ರೇಮು ಮೇಲಿಂದ ಕೆಳಗೆ ಕುಗ್ಗಿ ಪಕ್ಕಕ್ಕೆ ಉಬ್ಬಲು ನೋಡುತ್ತದೆ, ಅಡ್ಡ ಎಳೆಗಳು ಬಂದ ಮೇಲೆ ವಾಪಸ್ ಆಕಾರಕ್ಕೆ ಬರುತ್ತದೆ. ಕೊಡುವ ಮುಂಚೆ ಮನೆಯಲ್ಲಿ ಟೇಪು ಹಿಡಿದು ತಲೆಯ ಉದ್ದ, ಅಗಲ ಬರೆದಿಟ್ಟುಕೊಳ್ಳಿ. ತಂದ ಮೇಲೆ ಮತ್ತೆ ಅಳೆಯಿರಿ. ಒಂದೆರಡು ಮಿಲಿಮೀಟರ್ ಪರವಾಗಿಲ್ಲ, ಅರ್ಧ ಸೆಂಟಿಮೀಟರ್ ಆದರೆ ಅವರ ಹತ್ತಿರ ಮತ್ತೆ ಹೋಗಬೇಡಿ.

ಇದೇ ಕಾರಣಕ್ಕೆ, ಆಟದ ನಡುವೆ ಒಂದು ಎಳೆ ಕಡಿದರೆ ಉಳಿದದ್ದನ್ನು ಹಾಗೇ ಬಿಟ್ಟು ವಾರಗಟ್ಟಲೆ ಬ್ಯಾಗಿನಲ್ಲಿ ಇಡಬೇಡಿ. ಒಂದು ಕಡೆ ಎಳೆತ, ಒಂದು ಕಡೆ ಇಲ್ಲ, ಫ್ರೇಮು ಸೊಟ್ಟಗಾಗುತ್ತದೆ. ಅಲ್ಲೇ ಕೂತು ಕತ್ತರಿ ತಗೊಂಡು ನಡುವಿನಿಂದ ಶುರುಮಾಡಿ, ಒಂದು ಉದ್ದದ್ದು, ಒಂದು ಅಡ್ಡದ್ದು, ಹೀಗೆ ಸುತ್ತ ಹೊರಗಿನವರೆಗೆ ಪೂರ್ತಿ ಕತ್ತರಿಸಿಬಿಡಿ. ಕಣ್ಣು ಸ್ವಲ್ಪ ಹಿಂದೆ ಇರಲಿ, ಮೊದಲ ಎರಡು ಎಳೆ ಚಟೀರ್ ಅಂತ ಹಾರುತ್ತವೆ.